ಧುಮುಕುವ ವಿಮಾನ, ಅಲುಗದ ಕುರ್ಚಿ

ಶಹಾಪುರದ ಬೆಟ್ಟಸಾಲು ದೂರದಿಂದ ನೋಡಿದವರಿಗೆ ಮಲಗಿದ ಬುದ್ಧನಂತೆ ತೋರುತ್ತದೆ. ಅಂಥ ಬೆಟ್ಟದ ನೆತ್ತಿಯಿಂದ ಬಿದ್ದ ಕಲ್ಲು ಕೆಳಗಿಳಿದಷ್ಟೂ ವೇಗ ಪಡೆಯುತ್ತದೆ. ಮೂತಿ ಕೆಳಗೆ ಮಾಡಿ ಧುಮುಕುವ ಯುದ್ಧವಿಮಾನದ ಸ್ಥಿತಿಯೂ ಮೊದಲಿಗೆ ಅದೇ. ಆದರೆ ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಶಬ್ದದ ವೇಗ ಸಮೀಪಿಸಿದಾಗಲಂತೂ ಅದು ಇನ್ನಷ್ಟು ತೀವ್ರವಾಗಿ ಏರುತ್ತದೆ.

ಮನೆಯ ಕಂಪ್ಯೂಟರಿನಲ್ಲಿ ವಿಮಾನಯುದ್ಧವನ್ನು ಆಡಿಸುವ ಉತ್ತಮ ಸಿಮ್ಯುಲೇಟರ್ ಈ ಲೆಕ್ಕವನ್ನೆಲ್ಲ ಕ್ಷಣಕ್ಷಣಕ್ಕೂ ಮಾಡಿ ತೆರೆಯ ಮೇಲೆ ತೋರಿಸುತ್ತದೆ. ಇದರಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಭಾಗವೆಂದರೆ ವಿಮಾನವನ್ನು ಮರಳಿ ಮೇಲೆತ್ತುವುದು. ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ನೆಟ್ಟಗೆ ಧುಮುಕುವ ವಿಮಾನವನ್ನು, ಮೈಭಾರ ಐದು ಪಟ್ಟಾಗುವಷ್ಟು ಬಲವಾಗಿ ತಿರುಗಿಸಿದರೂ, ಅದು ಸಮತಲಕ್ಕೆ ಬರುವಷ್ಟರಲ್ಲಿ ಸುಮಾರು 1,000 ಮೀಟರ್ ಎತ್ತರ ಕಳೆದಿರುತ್ತದೆ. ವೇಗ ಇಮ್ಮಡಿಯಾದರೆ ಬೇಕಾಗುವ ಎತ್ತರ ನಾಲ್ಮಡಿ!

ಆಗ 60 ಕಿಲೋ ತೂಕದ ವೈಮಾನಿಕನ ಮೈ 300 ಕಿಲೋದಷ್ಟು ಭಾರವಾಗುತ್ತದೆ. ರಕ್ತ ಕಾಲುಗಳತ್ತ ಇಳಿದು ಕಣ್ಣು ಕತ್ತಲಿಡುತ್ತದೆ. ಆಟದಲ್ಲಿಯೂ ತೆರೆ ಕಪ್ಪಾಗಬಹುದು. ಕುರ್ಚಿಯಲ್ಲಿ ಕುಳಿತವನ ತೂಕ ಮಾತ್ರ ಗುಲಗಂಜಿಯಷ್ಟೂ ಏರದು. ಈ ಭಾರವನ್ನು ನೆಲದ ಮೇಲೆಯೇ ಅನುಭವಕ್ಕೆ ತರಲು ಬೇರೊಂದು ಯಂತ್ರ ಬೇಕು. ಬೆಂಗಳೂರಿನಲ್ಲಿ 1957ರಲ್ಲಿ ಆರಂಭವಾದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಅಂಥದೊಂದಿದೆ: ಉದ್ದನೆಯ ತೋಳಿನ ತುದಿಯಲ್ಲಿ ವೈಮಾನಿಕನನ್ನು ಕೂರಿಸಿ ಗಿರಗಿರನೆ ತಿರುಗಿಸಿ, ಉಸಿರು ಬಿಗಿಹಿಡಿದು ಸ್ನಾಯುಗಳನ್ನು ಬಿಗಿಗೊಳಿಸಿ ಎಚ್ಚರ ಉಳಿಸಿಕೊಳ್ಳುವ ವಿದ್ಯೆಯನ್ನು ಅಲ್ಲಿ ಕಲಿಸುತ್ತಾರೆ.

ಆಟದಲ್ಲಿ ನೆಲಕ್ಕಪ್ಪಳಿಸಿದವನು ಗುಂಡಿಯೊತ್ತಿ ಮತ್ತೆ ಹಾರಬಲ್ಲ. ಶಹಾಪುರದ ಉತ್ತರಕ್ಕೆ, ಬೀದರಿನ ವಾಯುನೆಲೆಗೆ 2008ರಲ್ಲಿ ಬಂದ ಹಾಕ್ ವಿಮಾನಗಳಲ್ಲಿ ಕಲಿಯುವ ತರುಣರಿಗೆ ಅಂಥ ಗುಂಡಿಯಿಲ್ಲ.