ಕಪ್ಪು ಪರದೆಗೆ ಫಾರ್ಮ್ಯಾಟ್ ಮದ್ದಲ್ಲ

1946ರಲ್ಲಿ ಶುರುವಾದ ಎನ್‌ಐಇ ಇರಲಿ, 1963ರ ಎಸ್‌ಜೆಸಿಇ ಇರಲಿ, ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವ ಮಕ್ಕಳಿಗೆ ಬರೀ ವಿಂಡೋಸ್ ಸಾಲದು. ಮಷಿನ್ ಲರ್ನಿಂಗ್ ಪ್ರಾಜೆಕ್ಟ್‌ಗೆ ಲಿನಕ್ಸ್ ಬೇಕು, ಕ್ಯಾಡ್ ತಂತ್ರಾಂಶಕ್ಕೂ ಆಟಕ್ಕೂ ವಿಂಡೋಸ್ ಬೇಕು. ಹಾಗಾಗಿ ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡನ್ನೂ ಹಾಕಿಕೊಳ್ಳುತ್ತಾರೆ. ಅದೇ ಡ್ಯುಯಲ್ ಬೂಟ್.

ಒಂದು ದಿನ ಲಿನಕ್ಸ್‌ನ ಒಂದು ರೂಪವಾದ ಉಬುಂಟು ಅಪ್‌ಡೇಟ್ ಆಗುತ್ತದೆ. ಮರುದಿನ ಆನ್ ಮಾಡಿದರೆ ಪರದೆ ಕಪ್ಪು. ವಿಂಡೋಸ್ ಮಾತ್ರ ಸಲೀಸಾಗಿ ತೆರೆಯುತ್ತದೆ. ಆಗ ಸುತ್ತಮುತ್ತಲಿನವರು ಕೊಡುವ ಸಲಹೆ ಒಂದೇ: ‘ಫಾರ್ಮ್ಯಾಟ್ ಮಾಡಿಬಿಡು’. ಆದರೆ ಈ ತೊಂದರೆಯ ಕಾರಣ ಹೆಚ್ಚಾಗಿ ಗ್ರಾಫಿಕ್ಸ್ ಡ್ರೈವರ್‌ನಲ್ಲಿರುತ್ತದೆ. ಕ್ರಮವಾಗಿ ಹುಡುಕಿದರೆ ಸಿಗುತ್ತದೆ, ಫೈಲುಗಳೂ ಉಳಿಯುತ್ತವೆ.

ಎರಡು ಚಿಪ್, ಒಂದು ಪರದೆ

ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಚಿಪ್ ಇರುತ್ತವೆ. ದಿನನಿತ್ಯದ ಕೆಲಸಕ್ಕೆ ಇಂಟೆಲ್ ಅಥವಾ ಎಎಂಡಿಯದು, ಭಾರದ ಕೆಲಸಕ್ಕೆ ಎನ್‌ವಿಡಿಯಾದು. ಬ್ಯಾಟರಿ ಉಳಿಸಲು ಇವೆರಡರ ನಡುವೆ ಕೆಲಸ ಹಂಚುವ ಆಪ್ಟಿಮಸ್ ತಂತ್ರವನ್ನು ಎನ್‌ವಿಡಿಯಾ 2010ರಲ್ಲಿ ತಂದಿತು. ಹಲವು ಮಾದರಿಗಳಲ್ಲಿ ಲ್ಯಾಪ್‌ಟಾಪ್ ಪರದೆ ಮೊದಲ ಚಿಪ್‌ಗೂ ಎಚ್‌ಡಿಎಂಐ ಕಿಂಡಿ ಎರಡನೆಯದಕ್ಕೂ ಜೋಡಣೆಯಾಗಿರುತ್ತವೆ. ಹೊರಗಿನ ಮಾನಿಟರ್ ಮಾತ್ರ ಸತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಎನ್‌ವಿಡಿಯಾ ಡ್ರೈವರನ್ನೇ.

ಈ ಡ್ರೈವರ್‌ನ ಮೂಲ ಸಂಕೇತ ಬಹುಕಾಲ ಗುಟ್ಟಾಗಿತ್ತು. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ 2012ರಲ್ಲಿ ಫಿನ್‌ಲೆಂಡ್‌ನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಕಂಪನಿಯ ಮೇಲೆ ಬಹಿರಂಗವಾಗಿಯೇ ಸಿಟ್ಟಾದರು. 2022ರ ಮೇನಲ್ಲಿ ಎನ್‌ವಿಡಿಯಾ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರುವ ಭಾಗವನ್ನು ಮುಕ್ತಗೊಳಿಸಿತು. ಆದರೆ ಅದು 2018ರ ಟ್ಯೂರಿಂಗ್ ಪೀಳಿಗೆ ಮತ್ತು ನಂತರದ ಚಿಪ್‌ಗಳಿಗೆ ಮಾತ್ರ. ತೀರಾ ಹಳೆಯ ಕೆಪ್ಲರ್ ಚಿಪ್‌ಗಳಿಗೆ 470ನೇ ಸರಣಿಯ ಡ್ರೈವರೇ ಕೊನೆ. ಅದಕ್ಕಿಂತ ಹೊಸದನ್ನು ಹಾಕಿದರೆ ಅದು ಆ ಚಿಪ್ಪನ್ನು ಗುರುತಿಸುವುದೇ ಇಲ್ಲ.

ಎಲ್ಲಿಂದ ಹುಡುಕಬೇಕು?

ಮೊದಲು ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಅಕ್ಷರಗಳ ಲಾಗಿನ್ ಪರದೆ ಬಂದರೆ ಉಬುಂಟು ಬದುಕಿದೆ, ಚಿತ್ರ ಮೂಡಿಸುವ ಭಾಗವಷ್ಟೇ ಕೈಕೊಟ್ಟಿದೆ.

ಬಂದರೂ ಬರದಿದ್ದರೂ ರೀಸ್ಟಾರ್ಟ್ ಮಾಡಿ, ಯಾವ ವ್ಯವಸ್ಥೆ ತೆರೆಯಬೇಕೆಂದು ಕೇಳುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ ಆರಿಸಿ. ಅದರಲ್ಲಿ ಪರದೆ ಬೆಳಗಿದರೆ, ಹೊಸ ಕರ್ನಲ್‌ಗೆ ಡ್ರೈವರ್ ಸರಿಯಾಗಿ ಸಿದ್ಧವಾಗಿಲ್ಲವೆಂದೇ ಬಹುಪಾಲು ಅರ್ಥ. ಪ್ರತಿ ಕರ್ನಲ್‌ಗೂ ಈ ಡ್ರೈವರ್‌ನ ಮಾಡ್ಯೂಲ್ ಬೇರೆಯೇ ಆಗಬೇಕು. ಹಳೆಯ ಕರ್ನಲ್ ಕೂಡ ಕೆಲಸಕ್ಕೆ ಬಾರದಿದ್ದರೆ ಗ್ರಬ್‌ನಲ್ಲಿ ಇ ಕೀಲಿ ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ನಡುವೆ ಜಾಗ ಬಿಡದೆ ಬರೆದು ಎಫ್10 ಒತ್ತಿ. ಇದು ಆ ಒಂದು ಸಲಕ್ಕಷ್ಟೇ ಅನ್ವಯ. ಕಡಿಮೆ ರೆಸಲ್ಯೂಷನ್‌ನಲ್ಲಾದರೂ ಒಳಗೆ ಹೋಗಿ ರಿಪೇರಿ ಮಾಡಬಹುದು.

ಒಳಗೆ ಹೋದಮೇಲೆ ಅಡಿಷನಲ್ ಡ್ರೈವರ್ಸ್ ಕಿಟಕಿಯಲ್ಲಿ ಶಿಫಾರಸು ಮಾಡಿದ ಡ್ರೈವರನ್ನೇ ಆರಿಸಿ. ಕಂಪನಿಯ ತಾಣದಿಂದ ಬೇರೊಂದನ್ನು ತಂದು ಇದರ ಮೇಲೆ ಹೇರಿದರೆ ಎರಡೂ ತಿಕ್ಕಾಡುತ್ತವೆ.

ಸಹಿ ಇಲ್ಲದ ಡ್ರೈವರ್

ಡ್ರೈವರ್ ಹಾಕಿದ್ದರೂ ಕೆಲಸ ಮಾಡದಿದ್ದರೆ ಸೆಕ್ಯೂರ್ ಬೂಟ್ ಕಡೆ ನೋಡಬೇಕು. ಜಂಬೂಸವಾರಿಯ ದಿನ ಪಾಸ್ ಇಲ್ಲದವರನ್ನು ಅರಮನೆ ಬಾಗಿಲಲ್ಲಿ ತಡೆಯುವಂತೆ, ಅದು ಆನ್ ಇದ್ದಾಗ ನಂಬಿಕೆಯ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡದು. ಡ್ರೈವರ್ ಹಾಕುವಾಗ ಉಬುಂಟು ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಅಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಗಾಬರಿಯಲ್ಲಿ ‘ಕಂಟಿನ್ಯೂ’ ಒತ್ತಿದರೆ ಸಹಿಗೆ ಮಾನ್ಯತೆ ಸಿಗದು.

ಸೆಕ್ಯೂರ್ ಬೂಟನ್ನೇ ಆಫ್ ಮಾಡುವ ಯೋಚನೆಯಿದ್ದರೆ, ವಿಂಡೋಸ್‌ನಲ್ಲಿ ಡ್ರೈವ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀಲಿಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆ ಬದಲಾವಣೆ ಕಂಡ ವಿಂಡೋಸ್ ಅದನ್ನು ಕೇಳಬಹುದು. ಕೀಲಿ ಇಲ್ಲದಿದ್ದರೆ ಪ್ರಾಜೆಕ್ಟ್ ಫೈಲುಗಳು ಕೈಗೆ ಸಿಗವು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ಪನ್ನೂ ಆಫ್ ಮಾಡಿಡಿ. ಅದಿದ್ದರೆ ಶಟ್‌ಡೌನ್ ಪೂರ್ತಿಯಾಗುವುದಿಲ್ಲ. ಲಿನಕ್ಸ್‌ನಿಂದ ವಿಂಡೋಸ್ ಡ್ರೈವ್‌ಗೆ ಏನನ್ನೂ ಬರೆಯಲಾಗದ ಸ್ಥಿತಿ ಬರಬಹುದು.

ಕಾಲೇಜುಗಳ ಕೆಲಸ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ. ಹಳೆಯ ಲ್ಯಾಪ್‌ಟಾಪ್ ಇರುವ ಮನೆಗಳಿಗೆ ಲಿನಕ್ಸ್ ಒಳ್ಳೆಯ ದಾರಿ. ಆದರೆ ಹುಣಸೂರು, ನಂಜನಗೂಡು, ಎಚ್.ಡಿ. ಕೋಟೆ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಇಂಗ್ಲಿಷಿನ ದೋಷಸೂಚನೆಗಳೇ ಮೊದಲ ಹೆದರಿಕೆ. ಹೆದರಿ ಫಾರ್ಮ್ಯಾಟ್ ಮಾಡಿದರೆ ಸಮಸ್ಯೆಯ ಜೊತೆಗೆ ಅದರ ಕಾರಣದ ಸುಳಿವೂ ಅಳಿಸಿಹೋಗುತ್ತದೆ, ಮುಂದಿನ ಅಪ್‌ಡೇಟ್‌ಗೆ ಅದೇ ಕತೆ ಮತ್ತೆ ಶುರು. ಆದ್ದರಿಂದ ಡ್ಯುಯಲ್ ಬೂಟ್ ಹಾಕಿಕೊಡುವ ದಿನವೇ ಪ್ರತಿ ಕಾಲೇಜೂ ಈ ಹುಡುಕಾಟದ ಕ್ರಮವನ್ನು ಕನ್ನಡದಲ್ಲಿ ಒಂದು ಹಾಳೆಗೆ ಅಚ್ಚು ಹಾಕಿಸಿ ಲ್ಯಾಬಿನ ಗೋಡೆಗೆ ಅಂಟಿಸಲಿ.