ಮೊದಲು ಚುಕ್ಕಿ, ಆಮೇಲೆ ಗೆರೆ

ನಮ್ಮ ಬಿ.ಇ. ಲ್ಯಾಬ್‌ನಲ್ಲಿ ಲೀನಿಯರ್ ರಿಗ್ರೆಷನ್ ಅಂದರೆ ನಾಲ್ಕು ಸಾಲಿನ ಕೋಡ್. ರನ್ ಮಾಡಿದರೆ 'ವೈ = 3 + 0.5 ಎಕ್ಸ್' ಎಂಬಂಥ ಉತ್ತರ ಬರುತ್ತದೆ. ಎಕ್ಸ್ ಒಂದು ಹೆಚ್ಚಿದರೆ ವೈ ಸರಾಸರಿ ಅರ್ಧ ಹೆಚ್ಚುತ್ತದೆ ಎಂದು ರೆಕಾರ್ಡ್‌ನಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ಮುಗಿಯಿತು. ಆ ಗೆರೆ ಚುಕ್ಕಿಗಳಿಗೆ ಹೊಂದುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

1973ರಲ್ಲಿ ಫ್ರಾನ್ಸಿಸ್ ಆನ್‌ಸ್ಕೋಂಬ್ ಎಂಬ ಸಂಖ್ಯಾಶಾಸ್ತ್ರಜ್ಞ ತಲಾ 11 ಚುಕ್ಕಿಗಳ ನಾಲ್ಕು ಪಟ್ಟಿ ಪ್ರಕಟಿಸಿದರು. ನಾಲ್ಕಕ್ಕೂ ಮೇಲೆ ಹೇಳಿದ್ದೇ ಗೆರೆ. ಆರ್-ಸ್ಕ್ವೇರ್ ಕೂಡ ಒಂದೇ, ಸುಮಾರು 0.67. ಗ್ರಾಫ್ ಬಿಡಿಸಿದರೆ ಬಣ್ಣ ಬಯಲು! ಮೊದಲನೆಯದರಲ್ಲಿ ಚುಕ್ಕಿಗಳು ಗೆರೆಯ ಆಚೀಚೆ ಹರಡಿವೆ, ಸರಿ. ಎರಡನೆಯದು ಬಿಲ್ಲಿನಂತೆ ಬಾಗಿದೆ. ಮೂರನೆಯದರಲ್ಲಿ ಹತ್ತು ಚುಕ್ಕಿ ಶಿಸ್ತಾಗಿ ಸಾಲು ನಿಂತಿದ್ದರೂ ಹನ್ನೊಂದನೆಯದು ಗೆರೆಯನ್ನು ತನ್ನತ್ತ ಜಗ್ಗಿದೆ. ನಾಲ್ಕನೆಯದಂತೂ ತಮಾಷೆ: ಹತ್ತು ಚುಕ್ಕಿಗಳ ಎಕ್ಸ್ ಬೆಲೆಯೂ 8, ದೂರದ 19ರಲ್ಲಿರುವ ಒಂಟಿ ಚುಕ್ಕಿಯನ್ನು ಅಳಿಸಿದರೆ ಇಳಿಜಾರು ಲೆಕ್ಕ ಹಾಕುವುದೇ ಅಸಾಧ್ಯ.

ಹಾಗಾಗಿ ನಾನು ರೆಸಿಡ್ಯುಯಲ್‌ಗಳನ್ನೂ (ನಿಜವಾದ ಬೆಲೆಗೂ ಗೆರೆ ಹೇಳುವ ಬೆಲೆಗೂ ಇರುವ ವ್ಯತ್ಯಾಸ) ಗ್ರಾಫ್ ಮಾಡುತ್ತೇನೆ. ಅವು ಸೊನ್ನೆಯ ಮೇಲೆ ಕೆಳಗೆ ಸಾಸಿವೆ ಚೆಲ್ಲಿದಂತೆ ಕಾಣಬೇಕು. ಬಿಲ್ಲಿನ ಆಕಾರ ಕಂಡರೆ ಅಲ್ಲಿಗೆ ಸರಳರೇಖೆ ಸಲ್ಲದು.

ಪ್ಲೇಸ್‌ಮೆಂಟ್ ಹೊತ್ತಿಗೆ ಸಿಜಿಪಿಎ ಮತ್ತು ಪ್ಯಾಕೇಜ್ ನಡುವೆ ಗೆರೆ ಎಳೆದ ಚಿತ್ರವೊಂದು ನಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂತು. 'ನನ್ನ ಕತೆ ಮುಗೀತು ಕಣೋ' ಎಂದು ಗೆಳೆಯ ಅರ್ಜಿ ಹಾಕುವುದನ್ನೇ ಬಿಟ್ಟಿದ್ದ. ತುದಿಯಲ್ಲಿದ್ದ ಒಬ್ಬ ಸೀನಿಯರ್‌ನ ಭಾರಿ ಪ್ಯಾಕೇಜ್ ತೆಗೆದು ಮತ್ತೆ ಗೆರೆ ಎಳೆದು ತೋರಿಸಿದೆ; ಅದು ಹೆಚ್ಚುಕಡಿಮೆ ಮಲಗಿಬಿಟ್ಟಿತು. ಕೆಲಸ ಸಿಗದವರು ಆ ಚಿತ್ರದಲ್ಲಿ ಇರಲೇ ಇಲ್ಲ, ಅದು ಬೇರೆ ಮಾತು. ಗೆಳೆಯ ಈಗ ಸೋಮವಾರದ ಡ್ರೈವ್‌ಗೆ ಹೆಸರು ಕೊಟ್ಟಿದ್ದಾನೆ.