ಭಾರ ಇಳಿಸಿದರೆ ಹುಣ್ಣು ಮಾಯುತ್ತದೆ

ಮಕ್ಕಳೇ, ಚಪ್ಪಲಿಯೊಳಗೆ ಸಣ್ಣ ಕಲ್ಲು ಸೇರಿದರೆ ಏನು ಮಾಡುತ್ತೀರಿ? ಎರಡು ಹೆಜ್ಜೆ ಇಡುವಷ್ಟರಲ್ಲಿ ನಿಂತು ಕೊಡವುತ್ತೀರಿ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ಕೆಲವರಿಗೆ ಆ ಕಲ್ಲು ಇರುವುದೇ ಗೊತ್ತಾಗುವುದಿಲ್ಲ. ಪಾದದ ನರಗಳು ಸೋತು ಸ್ಪರ್ಶಜ್ಞಾನ ಹೋಗಿರುತ್ತದೆ. ಸಂಜೆಯವರೆಗೂ ಅದರ ಮೇಲೇ ನಡೆದು ಹುಣ್ಣಾಗುತ್ತದೆ. ರಕ್ತ ಸಂಚಾರವೂ ಕಡಿಮೆಯಿದ್ದರೆ ಹುಣ್ಣು ಬೇಗ ಮಾಯುವುದಿಲ್ಲ. ಸೋಂಕು ಮೂಳೆಗೆ ಇಳಿದರೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾದೀತು.

ನೋವು ನಮ್ಮನ್ನು ಕಾಯುತ್ತದೆ ಎಂಬುದನ್ನು 1946ರಲ್ಲಿ ವೆಲ್ಲೂರಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಕಾಲುಗಳಲ್ಲಿ ಕಂಡರು. ನೋವು ತಿಳಿಯದ ಜಾಗದ ಮೇಲೆ ಮತ್ತೆ ಮತ್ತೆ ಒತ್ತಡ ಬಿದ್ದು ಹುಣ್ಣಾಗುತ್ತದೆ; ಒತ್ತಡ ತಪ್ಪಿಸಿದರೆ ಮಾಯಲು ದಾರಿಯಾಗುತ್ತದೆ. ಸಕ್ಕರೆ ಕಾಯಿಲೆಯವರ ಪಾದಕ್ಕೂ ಇದೇ ಮಾತು.

ಯಶವಂತಪುರದ ಪಕ್ಕದಲ್ಲಿ, ನಮ್ಮ ಕಾಲದವರು ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ ಇದೆಯಲ್ಲ, ಅಲ್ಲಿನ ಪ್ರೊ. ಜಿ.ಕೆ. ಅನಂತಸುರೇಶ್ ಅವರ ತಂಡ ಇದೇ ತತ್ತ್ವದ ಚಪ್ಪಲಿಯೊಂದನ್ನು ರೂಪಿಸಿದೆ. ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಇದಕ್ಕೆ ಕೈಜೋಡಿಸಿತು. 2023ರಲ್ಲಿ ಪತ್ರಿಕೆಗಳಲ್ಲಿ ಈ ಸುದ್ದಿ ಬಂತು. ಕೂದಲಿಗೆ ಹಾಕುವ ‘ಟಿಕ್ ಟಿಕ್’ ಕ್ಲಿಪ್ಪನ್ನು ಒತ್ತಿದರೆ ಥಟ್ಟನೆ ಹಿಂದುಮುಂದಾಗಿ ಬಾಗುತ್ತದಲ್ಲವೆ? ಈ ಚಪ್ಪಲಿಯೊಳಗೂ ಹಾಗೆ ಬಾಗುವ ಪುಟ್ಟ ಕಮಾನುಗಳಿವೆ. ಒಂದು ಜಾಗದಲ್ಲಿ ಒತ್ತಡ ಮಿತಿ ಮೀರಿದರೆ ಅಲ್ಲಿನ ಕಮಾನು ತಗ್ಗುತ್ತದೆ, ಕಾಲೆತ್ತಿದೊಡನೆ ಮೊದಲಿನಂತಾಗುತ್ತದೆ. ಬ್ಯಾಟರಿ ಇಲ್ಲ, ತಂತಿ ಇಲ್ಲ. ನಡೆಯುವವರ ತೂಕ, ಪಾದದ ಅಳತೆ, ನಡಿಗೆಯ ವೇಗ ನೋಡಿ 3ಡಿ ಪ್ರಿಂಟರಿನಲ್ಲಿ ತಯಾರಿಸಬಹುದು.

ಆದರೆ ಚಪ್ಪಲಿಯಾಗಲಿ, ಮುಲಾಮಾಗಲಿ, ಹೊಸದೆಂದ ಮಾತ್ರಕ್ಕೆ ಒಳ್ಳೆಯದೆನ್ನುವಂತಿಲ್ಲ. ಹತ್ತು ಜನರಿಗೆ ಕೊಟ್ಟು ಐದು ಜನರ ಹುಣ್ಣು ಮಾಯಿತೆಂದರೆ ಲೆಕ್ಕ ಮುಗಿಯಿತೆ? ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಜಮೆಯನ್ನಷ್ಟೇ ನೋಡಿದರೆ ಖಾತೆ ಹೊಂದುವುದಿಲ್ಲ. ದಿನವೂ ಶುಚಿ ಮಾಡಿ, ಸಕ್ಕರೆ ಹತೋಟಿಯಲ್ಲಿಟ್ಟು, ಪಾದದ ಭಾರ ಇಳಿಸಿದರೆ ಹಳೆಯ ಚಿಕಿತ್ಸೆಯಲ್ಲೂ ಎಷ್ಟೋ ಹುಣ್ಣು ಮಾಯುತ್ತವೆ. ಅದಕ್ಕೇ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಈಗಿರುವ ಒಳ್ಳೆಯ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜತೆಗೆ ಹೊಸದು. ವಾರವಾರವೂ ಹುಣ್ಣನ್ನು ಅಳೆದು, ಕೊನೆಗೆ ಯಾವ ಗುಂಪಿನಲ್ಲಿ ಹೆಚ್ಚು ಜನರ ಹುಣ್ಣು ಪೂರ್ತಿ ಮುಚ್ಚಿತೆಂದು ಎಣಿಸುತ್ತಾರೆ.

ಇಂಥ ಪ್ರಯೋಗಕ್ಕೆ ನಿಮ್ಮನ್ನು ಕೇಳಿದರೆ ಹೆದರಬೇಡಿ. ಓದದೆ ಸಹಿಯನ್ನೂ ಹಾಕಬೇಡಿ. ನಿಮಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಪತ್ರ ಕೇಳಿ. ಎಥಿಕ್ಸ್ ಸಮಿತಿ ಒಪ್ಪಿದೆಯೇ, 2007ರಲ್ಲಿ ಶುರುವಾದ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿದೆಯೇ ಎಂದು ವಿಚಾರಿಸಿ. ಬೇಡವೆನಿಸಿದರೆ ನಡುವೆಯೇ ಹೊರಬರಬಹುದು. ಅದಕ್ಕಾಗಿ ಮಾಮೂಲು ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಮನೆಯ ದೊಡ್ಡವರೇ, ಕಾಲಿನ ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬೇಡ, ಬೆಳಿಗ್ಗೆ ಬೇಗ ಹೋಗಿ ಬನ್ನಿ.

ಮಕ್ಕಳೇ, ನಿಮಗೂ ಒಂದು ಕೆಲಸ. ಅಜ್ಜ, ಅಜ್ಜಿಗೆ ಬಗ್ಗಿ ಅಂಗಾಲು ನೋಡಿಕೊಳ್ಳುವುದು ಕಷ್ಟ. ರಾತ್ರಿ ಮಲಗುವ ಮುನ್ನ ಟಾರ್ಚ್ ಹಿಡಿದು ಬೆರಳ ಸಂದು, ಅಂಗಾಲು, ಹಿಮ್ಮಡಿ ನೋಡಿ. ಕೆಂಪು, ಗುಳ್ಳೆ, ಬಿರುಕು, ಕೀವು ಕಂಡರೆ ಮನೆಯವರಿಗೆ ಹೇಳಿ, ಮರುದಿನವೇ ವೈದ್ಯರ ಬಳಿ ಕರೆದೊಯ್ಯಲಿ. ಅವರ ಪಾದಕ್ಕೆ ತಿಳಿಯದ್ದು ನಿಮ್ಮ ಕಣ್ಣಿಗೆ ಕಾಣುತ್ತದೆ.